ತಂಪಿನ ಗ್ಯಾಸೂ ರಾಷ್ಟ್ರಗಳ ಕರಾರೂ

ನಮ್ಮ ವಾಚನಾಲಯದ ಪ್ರಶ್ನೆಪೆಟ್ಟಿಗೆಯಲ್ಲಿ ಈ ಸಲ ಸಿಕ್ಕಿದ ಚೀಟಿಗಳಲ್ಲಿ ಒಂದು ನಮ್ಮನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿತು. ಬರೆದವರು ಫ್ರಿಜ್ಜು, ಏ.ಸಿ.ಗಳ ರಿಪೇರಿಯಿಂದ ಜೀವನ ಸಾಗಿಸುವ ಒಬ್ಬ ಸದಸ್ಯರು. ಅವರ ಪ್ರಶ್ನೆಯನ್ನು ಅವರ ಮಾತಿನಲ್ಲೇ ಕೊಡುತ್ತೇವೆ:

“ನಾನು ಕೆಲಸ ಕಲಿಯುವಾಗ ಫ್ರಿಜ್ಜಿಗೆ 12ನೇ ನಂಬರಿನ ಗ್ಯಾಸು ತುಂಬುತ್ತಿದ್ದೆವು. ಅದು ಹೋಗಿ 134 ಬಂತು. ಈಗ ಬರುವ ಫ್ರಿಜ್ಜಿಗೆ 600. ಏ.ಸಿ.ಗೆ ಮೊದಲು 22, ಆಮೇಲೆ 410, ಈಗ 32. ಪ್ರತಿ ಸಲವೂ ಹೊಸ ಗೇಜು, ಹೊಸ ಸಿಲಿಂಡರು, ಹೊಸ ಖರ್ಚು. ಗಿರಾಕಿ ಕೇಳಿದರೆ ‘ಮೇಲಿನಿಂದ ಆರ್ಡರು ಬಂದಿದೆ’ ಎನ್ನುತ್ತೇವೆ. ಈ ಮೇಲಿನವರು ಯಾರು? ಕಂಪೆನಿಯವರು ಕೂಡಿ ಹೂಡಿದ ಆಟವೇ ಇದು?”

ಪ್ರಶ್ನೆ ಸಣ್ಣದಾಗಿ ಕಂಡರೂ ಇದರೊಳಗೆ ದೊಡ್ಡದೊಂದು ಕಥೆಯಿದೆ. ಭೂಮಿಯ ಶಾಖ ಏರುತ್ತಿದೆ, ಅದನ್ನು ತಡೆಯಲು ರಾಷ್ಟ್ರಗಳು ಕೂಡಿ ನಡೆಯಬೇಕು ಎಂದು ನಾವು ದಿನವೂ ಪತ್ರಿಕೆಗಳಲ್ಲಿ ಓದುತ್ತೇವೆ. ಸಭೆಗಳು ನಡೆಯುತ್ತವೆ, ಮಂತ್ರಿಗಳು ಹೋಗಿ ಬರುತ್ತಾರೆ, ಫಲ ಮಾತ್ರ ಕಣ್ಣಿಗೆ ಕಾಣದು. ಹಾಗಾದರೆ ರಾಷ್ಟ್ರಗಳು ಕೂಡಿ ನಡೆದದ್ದು ಎಲ್ಲಿಯೂ ಇಲ್ಲವೇ? ಇದೆ. ನಮ್ಮ ಸದಸ್ಯರ ಚೀಲದಲ್ಲಿರುವ ಸಿಲಿಂಡರಿನ ಮೇಲಿನ ನಂಬರು ಅದಕ್ಕೆ ಸಾಕ್ಷಿ. ಆದಕಾರಣ ಈ ತಿಂಗಳ ಅಭ್ಯಾಸಕ್ಕೆ ಈ ವಿಷಯವನ್ನೇ ಎತ್ತಿಕೊಂಡಿದ್ದೇವೆ.

1. ಗ್ಯಾಸು ಹುಟ್ಟಿದ ಬಗೆ

ಫ್ರಿಜ್ಜು ತಂಪನ್ನು ತಯಾರಿಸುವುದಿಲ್ಲ. ಒಳಗಿನ ಶಾಖವನ್ನು ಹೊತ್ತು ಹೊರಗೆ ಚೆಲ್ಲುತ್ತದೆ. ಹಿಂಬದಿಯನ್ನು ಮುಟ್ಟಿ ನೋಡಿದವರಿಗೆಲ್ಲ ಇದು ಗೊತ್ತು. ಈ ಹೊರುವ ಕೆಲಸ ಮಾಡುವುದು ಕೊಳವೆಯೊಳಗಿನ ಗ್ಯಾಸು. ಅದು ದ್ರವದಿಂದ ಆವಿಯಾಗುವಾಗ ಶಾಖವನ್ನು ಹೀರುತ್ತದೆ. ಕಂಪ್ರೆಸರು ಅದನ್ನು ಒತ್ತಿದಾಗ ಹೀರಿದ್ದನ್ನು ಹೊರಗೆ ಬಿಟ್ಟು ಮತ್ತೆ ದ್ರವವಾಗುತ್ತದೆ.

ಮೊದಮೊದಲಿನ ಫ್ರಿಜ್ಜುಗಳಲ್ಲಿ ಅಮೋನಿಯ, ಗಂಧಕದ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್ ಮುಂತಾದ ಅನಿಲಗಳಿದ್ದವು. ಇವು ವಿಷ, ಸೋರಿದರೆ ಮನೆಮಂದಿಯ ಪ್ರಾಣಕ್ಕೇ ಸಂಚಕಾರ. ಅಮೆರಿಕದಲ್ಲಿ ಹಾಗೆ ಸತ್ತವರುಂಟು. ಈ ಅಪಾಯವನ್ನು ತಪ್ಪಿಸಲೆಂದು 1928ರಲ್ಲಿ ಥಾಮಸ್ ಮಿಡ್ಗ್ಲಿ ಎಂಬ ಎಂಜಿನಿಯರರು ಹೊಸ ಬಗೆಯ ಅನಿಲವೊಂದನ್ನು ಕಂಡುಹಿಡಿದರು. 1930ರಲ್ಲಿ ರಸಾಯನಶಾಸ್ತ್ರಜ್ಞರ ಸಭೆಯೊಂದರಲ್ಲಿ ಅವರು ಅದನ್ನು ಎಲ್ಲರೆದುರು ಎದೆತುಂಬ ಉಸಿರಾಡಿ, ಹೊರಬಿಟ್ಟ ಉಸಿರಿನಿಂದ ಉರಿಯುವ ಮೇಣದಬತ್ತಿಯನ್ನು ಆರಿಸಿ ತೋರಿಸಿದರು. ವಿಷವೂ ಅಲ್ಲ, ಬೆಂಕಿಯೂ ಹತ್ತದು ಎಂಬುದು ಅದರಿಂದ ಸಿದ್ಧವಾಯಿತು. ಅದೇ ನಮ್ಮ 12ನೇ ನಂಬರಿನ ಗ್ಯಾಸು. ಅದರ ಕುಲದ ಹೆಸರು ಕ್ಲೋರೋಫ್ಲೂರೋಕಾರ್ಬನ್, ಚಿಕ್ಕದಾಗಿ ಸಿ.ಎಫ್.ಸಿ.

ಇದರ ದೊಡ್ಡ ಗುಣವೆಂದರೆ ಇದು ಕೆಡುವುದಿಲ್ಲ, ಯಾವುದರೊಡನೆಯೂ ಬೆರೆತು ಮಾರ್ಪಡುವುದಿಲ್ಲ. ಅದರಿಂದ ಫ್ರಿಜ್ಜಿನಲ್ಲಷ್ಟೇ ಅಲ್ಲ, ಸೆಂಟು ಚಿಮ್ಮಿಸುವ ಡಬ್ಬಿಗಳಲ್ಲಿ, ಫೋಮಿನ ಹಾಸಿಗೆಗಳ ತಯಾರಿಕೆಯಲ್ಲಿ, ಯಂತ್ರದ ಬಿಡಿಭಾಗಗಳನ್ನು ತೊಳೆಯುವುದರಲ್ಲಿ ಎಲ್ಲೆಲ್ಲೂ ಇದೇ ಆಯಿತು. ಸುಮಾರು ನಲವತ್ತು ವರ್ಷ ಇದರ ಮೇಲೆ ಯಾರೂ ಬೆರಳು ತೋರಿಸಲಿಲ್ಲ.

2. ಮೇಲೇರಿದ್ದು ಏನಾಯಿತು?

ಸೋರಿಹೋದ ಗ್ಯಾಸು ಎಲ್ಲಿಗೆ ಹೋಗುತ್ತದೆ? ಕೆಡದ ವಸ್ತು ಎಲ್ಲಿಗಾದರೂ ಹೋಗಿ ಸೇರಲೇಬೇಕಷ್ಟೆ. ಈ ಪ್ರಶ್ನೆಗೆ 1974ರಲ್ಲಿ ಕ್ಯಾಲಿಫೋರ್ನಿಯದ ಇಬ್ಬರು ವಿಜ್ಞಾನಿಗಳು, ಮಾರಿಯೋ ಮೊಲಿನ ಮತ್ತು ಶೆರ್ವುಡ್ ರೋಲೆಂಡ್, ಉತ್ತರ ಹೇಳಿದರು.

ನೆಲದಿಂದ ಸುಮಾರು 15ರಿಂದ 35 ಕಿಲೋಮೀಟರ್ ಎತ್ತರದಲ್ಲಿ ಓಝೋನ್ ಎಂಬ ಅನಿಲದ ತೆಳುವಾದ ಹೊದಿಕೆಯಿದೆ. ಅದನ್ನೆಲ್ಲ ಕೂಡಿಸಿ ನೆಲಮಟ್ಟಕ್ಕೆ ತಂದರೆ ಮೂರು ಮಿಲಿಮೀಟರ್ ದಪ್ಪವೂ ಆಗುವುದು ಕಷ್ಟ. ಆದರೆ ಸೂರ್ಯನ ನೇರಳಾತೀತ ಕಿರಣಗಳಿಂದ ನಮ್ಮ ಕಣ್ಣು, ಚರ್ಮ, ಪೈರುಪಚ್ಚೆಗಳನ್ನು ಕಾಯುವುದು ಅದೇ. ಸಿ.ಎಫ್.ಸಿ. ನಿಧಾನವಾಗಿ ಅಷ್ಟೆತ್ತರಕ್ಕೆ ಏರಿ, ಅಲ್ಲಿಯ ಪ್ರಖರ ಬೆಳಕಿಗೆ ಒಡೆಯುತ್ತದೆ. ಆಗ ಅದರಿಂದ ಬಿಡುಗಡೆಯಾದ ಕ್ಲೋರಿನ್ನಿನ ಒಂದು ಪರಮಾಣು ಸುಮಾರು ಒಂದು ಲಕ್ಷ ಓಝೋನ್ ಅಣುಗಳನ್ನು ನಾಶಮಾಡಬಲ್ಲದು. ಇದು ಅವರ ಲೆಕ್ಕ. ತಯಾರಕರು ಇದನ್ನು ಬರಿಯ ಊಹೆಯೆಂದರು. 1985ರಲ್ಲಿ ದಕ್ಷಿಣ ಧ್ರುವಪ್ರದೇಶದಲ್ಲಿ ಕೆಲಸ ಮಾಡುತ್ತಿದ್ದ ಬ್ರಿಟಿಷ್ ವಿಜ್ಞಾನಿಗಳು, ಅಲ್ಲಿಯ ವಸಂತಕಾಲದಲ್ಲಿ ಓಝೋನ್ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕರಗಿಹೋಗಿರುವುದನ್ನು ಅಳೆದು ಪ್ರಕಟಿಸಿದರು. ಊಹೆಯೆಂಬ ಮಾತು ಅಲ್ಲಿಗೆ ನಿಂತಿತು.

3. ಸಿಕಂದರಾಬಾದಿನ ಒಬ್ಬ ಎಂಜಿನಿಯರು

ಓಝೋನಿನ ಮಾತು ಬಹಳ ಜನ ಕೇಳಿದ್ದಾರೆ. ಆದರೆ ಈ ಗ್ಯಾಸಿಗೆ ಇನ್ನೊಂದು ದೋಷವಿದೆ. ಅದನ್ನು ಕಂಡುಹಿಡಿದವರ ಕಥೆ ನಮ್ಮಂಥವರಿಗೆ ಹತ್ತಿರದ್ದು.

ವೀರಭದ್ರನ್ ರಾಮನಾಥನ್ ತಮಿಳು ಮನೆಯ ಹುಡುಗ. ಹನ್ನೊಂದನೆಯ ವಯಸ್ಸಿನಲ್ಲಿ ಮನೆಯವರೊಡನೆ ಬೆಂಗಳೂರಿಗೆ ಬಂದರು. ಅಲ್ಲಿಯ ಶಾಲೆಯಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಹುಡುಗನಿಗೆ ಗೊತ್ತಿದ್ದದ್ದು ತಮಿಳು. ಮೇಷ್ಟರ ಮಾತು ಅರ್ಥವಾಗದೆ ಎಲ್ಲವನ್ನೂ ತಾನೇ ಯೋಚಿಸಿ ತಿಳಿಯಬೇಕಾಯಿತು, ಅದೇ ಮುಂದೆ ಅಭ್ಯಾಸವಾಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಭಾಷೆ ತಿಳಿಯದ ಊರಿಗೆ ಬಂದು ನೆಲೆನಿಂತ ನಮ್ಮ ಓದುಗರಿಗೆ ಈ ಪಾಡು ಬಿಡಿಸಿ ಹೇಳಬೇಕಾದ್ದಲ್ಲ. ಎಂಜಿನಿಯರಿಂಗ್ ಮುಗಿಸಿದ ಮೇಲೆ ಅವರಿಗೆ ಸಿಕ್ಕಿದ ಕೆಲಸ ಸಿಕಂದರಾಬಾದಿನಲ್ಲಿ, ಫ್ರಿಜ್ಜು ತಯಾರಿಸುವ ಒಂದು ಕಾರಖಾನೆಯಲ್ಲಿ. ಗ್ಯಾಸು ಏಕೆ ಸೋರುತ್ತದೆ, ಅದನ್ನು ಹೇಗೆ ನಿಲ್ಲಿಸಬೇಕು ಎಂದು ನೋಡುವುದೇ ಅವರ ಪಾಲಿನ ಕೆಲಸವಾಗಿತ್ತು. ಅಲ್ಲಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೂ, ಆಮೇಲೆ ಅಮೆರಿಕಕ್ಕೂ ಹೋದರು.

ಮೊಲಿನ, ರೋಲೆಂಡರ ಬರಹ ಓದಿದಾಗ ರಾಮನಾಥನ್ ಅವರಿಗೆ ತಮ್ಮ ಹಳೆಯ ಗ್ಯಾಸಿನ ಬಗ್ಗೆ ಬೇರೊಂದು ಪ್ರಶ್ನೆ ಹುಟ್ಟಿತು. ಇದು ಶಾಖವನ್ನು ಹಿಡಿದಿಡುವುದೇ?

ಇಲ್ಲಿ ಸ್ವಲ್ಪ ವಿವರಣೆ ಬೇಕು. ಹಗಲು ಸೂರ್ಯನಿಂದ ಕಾದ ಭೂಮಿ ಆ ಶಾಖವನ್ನು ಕಣ್ಣಿಗೆ ಕಾಣದ ಕಿರಣಗಳಾಗಿ ಮತ್ತೆ ಆಕಾಶಕ್ಕೆ ಬಿಡುತ್ತದೆ. ಗಾಳಿಯಲ್ಲಿರುವ ನೀರಾವಿ ಮತ್ತು ಅಂಗಾರಾಮ್ಲವಾಯು, ಅಂದರೆ ಕಾರ್ಬನ್ ಡೈಆಕ್ಸೈಡ್, ಅದರಲ್ಲಿ ಒಂದಷ್ಟನ್ನು ತಡೆದು ಹಿಡಿಯುತ್ತವೆ. ಹಾಗೆ ಹಿಡಿಯದಿದ್ದರೆ ಭೂಮಿ ಹೆಪ್ಪುಗಟ್ಟುತ್ತಿತ್ತು. ಕಲ್ಲಿದ್ದಲು, ಎಣ್ಣೆಗಳನ್ನು ಸುಟ್ಟು ನಾವು ಅಂಗಾರಾಮ್ಲವಾಯುವನ್ನು ಹೆಚ್ಚಿಸುತ್ತ ಹೋದದ್ದರಿಂದ ಈಗ ಬಿಸಿ ಅತಿಯಾಗುತ್ತಿದೆ. ಆದರೂ ಈ ಕಿರಣಗಳ ಒಂದು ಭಾಗಕ್ಕೆ ನೀರಾವಿಯೂ ಅಡ್ಡಬರುವುದಿಲ್ಲ, ಅಂಗಾರಾಮ್ಲವಾಯುವೂ ಅಡ್ಡಬರುವುದಿಲ್ಲ. ಶಾಖ ಹೊರಹೋಗಲು ಉಳಿದ ತೆರೆದ ಕಿಟಕಿ ಅದು. ಮೇ ತಿಂಗಳಲ್ಲಿ ಚಾಳಿನ ಕೋಣೆಯೊಳಗೆ ಎಂಟು ಜನ ಮಲಗಿರುವಾಗ ಇರುವ ಒಂದೇ ಕಿಟಕಿಗೆ ಯಾರಾದರೂ ಕಂಬಳಿ ಕಟ್ಟಿದರೆ ಹೇಗಾದೀತು? ಸಿ.ಎಫ್.ಸಿ. ಮಾಡುವುದು ಇದನ್ನೇ. ಅದು ಸರಿಯಾಗಿ ಆ ಕಿಟಕಿಗೇ ಅಡ್ಡ ನಿಲ್ಲುತ್ತದೆ. ಅದರ ಒಂದು ಅಣು ಅಂಗಾರಾಮ್ಲವಾಯುವಿನ ಸುಮಾರು 10,000 ಅಣುಗಳಷ್ಟು ಶಾಖವನ್ನು ತಡೆಯುತ್ತದೆಂದು ರಾಮನಾಥನ್ 1975ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಫ್ರಿಜ್ಜಿನ ಗ್ಯಾಸಿಗೂ ಭೂಮಿಯ ಶಾಖಕ್ಕೂ ಸಂಬಂಧವಿದೆಯೆಂದು ಲೋಕಕ್ಕೆ ತಿಳಿದದ್ದು ಹೀಗೆ.

4. ಮಾಂಟ್ರಿಯಲ್ಲಿನಲ್ಲಿ ಆದ ಕರಾರು

ಒಂದು ದೇಶ ಸಿ.ಎಫ್.ಸಿ.ಯನ್ನು ಬಿಟ್ಟು ಇನ್ನೊಂದು ದೇಶ ತಯಾರಿಸುತ್ತಿದ್ದರೆ ಪ್ರಯೋಜನವಿಲ್ಲ; ಆಕಾಶಕ್ಕೆ ಗಡಿಯಿಲ್ಲ. ಆದುದರಿಂದ ವಿಶ್ವಸಂಸ್ಥೆಯ ಪರಿಸರ ವಿಭಾಗದ ಮುಖ್ಯಸ್ಥರಾಗಿದ್ದ ಈಜಿಪ್ಟಿನ ಮುಸ್ತಫಾ ತೋಲ್ಬಾ ಅವರ ಪ್ರಯತ್ನದಿಂದ ರಾಷ್ಟ್ರಗಳು ಕೂಡಿದವು. 1985ರಲ್ಲಿ ವಿಯೆನ್ನದಲ್ಲಿ ತಾತ್ವಿಕ ಒಪ್ಪಂದವಾಯಿತು. 1987ರ ಸೆಪ್ಟೆಂಬರ್ 16ರಂದು ಕೆನಡದ ಮಾಂಟ್ರಿಯಲ್ ನಗರದಲ್ಲಿ ಕರಾರಿಗೆ ಸಹಿ ಬಿತ್ತು. ಮೊದಲ ದಿನ ಸಹಿ ಹಾಕಿದವು ಕೇವಲ 24 ರಾಷ್ಟ್ರಗಳು ಮತ್ತು ಯೂರೋಪಿನ ಆರ್ಥಿಕ ಒಕ್ಕೂಟ.

ಕಂಪೆನಿಗಳ ಪಾತ್ರವೇನು? ನಮ್ಮ ಸದಸ್ಯರ ಸಂಶಯದಲ್ಲಿ ಸ್ವಲ್ಪ ಸತ್ಯವಿದೆ. ಅತಿ ದೊಡ್ಡ ತಯಾರಕರಾಗಿದ್ದ ಅಮೆರಿಕದ ಡ್ಯೂಪಾಂಟ್ ಕಂಪೆನಿ ಮೊದಲು ವಿರೋಧಿಸಿ, 1986ರಲ್ಲಿ ಮಿತಿಗೆ ಒಪ್ಪಿ, 1988ರಲ್ಲಿ ತಯಾರಿಕೆಯನ್ನೇ ಕ್ರಮೇಣ ಬಿಡುವುದಾಗಿ ಸಾರಿತು. ಬದಲಿ ಗ್ಯಾಸು ಮಾಡಬಲ್ಲವರಿಗೆ ಅದರಲ್ಲಿ ಲಾಭವೂ ಕಂಡಿತ್ತು. ಆದರೆ ಆಟ ಹೂಡಿದವರು ಅವರಲ್ಲ. ವಿಜ್ಞಾನ ದಾರಿ ತೋರಿತು, ಕಾನೂನು ಆ ದಾರಿಯಲ್ಲಿ ನಡೆಯಿತು, ವ್ಯಾಪಾರ ಅದರ ಹಿಂದೆ ಬಂದಿತು.

ಕರಾರಿನಲ್ಲಿ ಮೂರು ವಿಷಯಗಳನ್ನು ಗಮನಿಸಬೇಕು. ಯಾವ ಗ್ಯಾಸು, ಎಷ್ಟು, ಯಾವ ವರ್ಷದೊಳಗೆ ಎಂದು ಅಂಕಿಗಳಲ್ಲಿ ಬರೆದಿದ್ದರು. ಕರಾರಿಗೆ ಸೇರದ ದೇಶಗಳೊಡನೆ ಈ ಗ್ಯಾಸುಗಳ ವ್ಯಾಪಾರವನ್ನು ತಡೆದರು. ಹೊರಗುಳಿದರೆ ನಷ್ಟ ಎಂದಾಯಿತು. ತಲೆಗೆ ವರ್ಷಕ್ಕೆ 300 ಗ್ರಾಮಿಗಿಂತ ಕಡಿಮೆ ಬಳಸುವ ಬಡ ದೇಶಗಳಿಗೆ ಹತ್ತು ವರ್ಷ ಹೆಚ್ಚಿನ ವಾಯಿದೆ ಕೊಟ್ಟರು. ಇಷ್ಟಾದರೂ ಭಾರತ ಮತ್ತು ಚೀನ ಮೊದಲಿಗೆ ಸೇರಲಿಲ್ಲ. ಏಕೆ?

5. ಹಳೆಯ ಉದ್ರಿಯ ಪ್ರಶ್ನೆ

ನಾಲ್ವರು ಕೂಡಿ ಒಂದು ಕೋಣೆ ಹಿಡಿದು ಅಡಿಗೆ ಮಾಡಿಕೊಂಡಿದ್ದಾರೆಂದು ಭಾವಿಸೋಣ. ಇಬ್ಬರು ಹತ್ತು ವರ್ಷದಿಂದ ಇದ್ದಾರೆ. ದಿನಸಿ ಅಂಗಡಿಯಲ್ಲಿ ಉದ್ರಿ ಬೆಳೆಸಿದ್ದಾರೆ. ಇನ್ನಿಬ್ಬರು ಹೋದ ತಿಂಗಳು ಊರಿನಿಂದ ಬಂದವರು. ಅಂಗಡಿಯವನು ಬಾಗಿಲಿಗೆ ಬಂದಾಗ ಹಳಬರು, “ಕೋಣೆ ಎಲ್ಲರದು, ಸಾಲವೂ ಎಲ್ಲರದು; ನಾಲ್ಕು ಪಾಲು ಮಾಡೋಣ” ಎಂದರೆ ಹೊಸಬರು ಒಪ್ಪುವರೇ? ಹಾಗೆಂದು “ನಮಗೆ ಸಂಬಂಧವಿಲ್ಲ” ಎಂದು ಕೂತರೂ ಆಗದು; ಅಂಗಡಿಯವನು ದಿನಸಿ ನಿಲ್ಲಿಸಿದರೆ ನಾಲ್ವರಿಗೂ ಉಪವಾಸ.

ಆಗ ಜಗತ್ತಿನ ಪರಿಸ್ಥಿತಿ ಹೀಗೆಯೇ ಇದ್ದಿತು. ಸಿ.ಎಫ್.ಸಿ.ಯ ಬಹುಪಾಲನ್ನು ತಯಾರಿಸಿ ಬಳಸಿದ್ದು ಶ್ರೀಮಂತ ರಾಷ್ಟ್ರಗಳು. ನಮ್ಮಲ್ಲಿ ಫ್ರಿಜ್ಜೆಂಬುದು ಆಗಿನ್ನೂ ಕೆಲವೇ ಮನೆಗಳ ವಸ್ತು. ಈಗ ಎಲ್ಲರೂ ಹೊಸ ಗ್ಯಾಸಿಗೆ, ಹೊಸ ಯಂತ್ರಕ್ಕೆ ಬದಲಾಗಬೇಕೆಂದರೆ ಆ ಖರ್ಚು ಯಾರದು? 1990ರ ಜೂನಿನಲ್ಲಿ ಲಂಡನ್ನಿನಲ್ಲಿ ಸಭೆ ಸೇರಿದಾಗ ಭಾರತದ ಪರಿಸರ ಮಂತ್ರಿಯಾಗಿದ್ದ ಮೇನಕಾ ಗಾಂಧಿಯವರು ಈ ಪ್ರಶ್ನೆಯನ್ನೇ ಹಿಡಿದು ನಿಂತರು: ಹಣವೂ ಬೇಕು, ಹೊಸ ಗ್ಯಾಸು ಮಾಡುವ ವಿದ್ಯೆಯೂ ಬೇಕು.

ಲಂಡನ್ನಿನಲ್ಲಿ ಒಂದು ಬಹುರಾಷ್ಟ್ರೀಯ ನಿಧಿ ಹುಟ್ಟಿತು. ಮೊದಲ ಮೂರು ವರ್ಷಕ್ಕೆ 16 ಕೋಟಿ ಡಾಲರ್. ಭಾರತ, ಚೀನ ಸೇರಿದರೆ ಇನ್ನೂ 8 ಕೋಟಿ. ಹಣ ಕೊಡುವವರು ಶ್ರೀಮಂತ ರಾಷ್ಟ್ರಗಳು. ಬಡ ರಾಷ್ಟ್ರಗಳ ಕಾರಖಾನೆ ಬದಲಾಗುವಾಗ ಬೀಳುವ ಹೆಚ್ಚುವರಿ ಖರ್ಚನ್ನು ಅದರಿಂದ ತುಂಬುವುದು. ಇದಕ್ಕಿಂತ ಮುಖ್ಯವಾದದ್ದು ನಿಧಿಯ ಆಡಳಿತ. ಕಾರ್ಯಕಾರಿ ಸಮಿತಿಯಲ್ಲಿ ಕೊಡುವ ರಾಷ್ಟ್ರಗಳಿಂದ ಏಳು ಮಂದಿ, ಪಡೆಯುವ ರಾಷ್ಟ್ರಗಳಿಂದ ಏಳು ಮಂದಿ. ಮತಕ್ಕೆ ಹಾಕಿದರೆ ಎರಡೂ ಪಕ್ಷಗಳಲ್ಲಿ ಬಹುಮತ ಬೇಕು. ದುಡ್ಡಿದ್ದವನ ಕೈಯೇ ಮೇಲು ಎಂಬ ಲೋಕರೂಢಿಯನ್ನು ಇಲ್ಲಿ ಕಟ್ಟಿಹಾಕಿದ್ದರು. ಹಣ ಮತ್ತು ವಿದ್ಯೆ ಬಾರದಿದ್ದರೆ ಬಡ ರಾಷ್ಟ್ರಗಳು ಮಾತು ನಡೆಸುವುದು ಕಷ್ಟವೆಂಬುದನ್ನೂ ಕರಾರಿನೊಳಗೇ ಬರೆದರು. ಚೀನ 1991ರಲ್ಲಿ, ಭಾರತ 1992ರಲ್ಲಿ ಸೇರಿದವು.

ಫಲವೇನಾಯಿತು? ಭಾರತವು ಕೆಲವು ಔಷಧದ ಬಳಕೆಗಳನ್ನು ಬಿಟ್ಟು ಸಿ.ಎಫ್.ಸಿ. ತಯಾರಿಕೆಯನ್ನು 2008ರ ಆಗಸ್ಟ್ 1ರಿಂದಲೇ, ವಾಯಿದೆಗೆ ಮೊದಲೇ, ನಿಲ್ಲಿಸಿತು. 2009ರ ಹೊತ್ತಿಗೆ ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳೆಲ್ಲ ಕರಾರಿಗೆ ಸೇರಿದ್ದವು. ಅಂಥ ಸರ್ವಸಮ್ಮತಿ ಹಿಂದೆ ಯಾವ ಪರಿಸರ ಕರಾರಿಗೂ ಸಿಕ್ಕಿರಲಿಲ್ಲ. ನಿಷೇಧಿತ ವಸ್ತುಗಳಲ್ಲಿ ನೂರಕ್ಕೆ 99ರಷ್ಟು ಬಳಕೆ ತಪ್ಪಿದೆ. ದಕ್ಷಿಣ ಧ್ರುವದ ಮೇಲಿನ ಓಝೋನ್ ಸುಮಾರು 2066ಕ್ಕೆ 1980ರ ಮಟ್ಟಕ್ಕೆ ಮರಳುವುದೆಂದು 2023ರಲ್ಲಿ ವಿಶ್ವಸಂಸ್ಥೆಯ ವಿಜ್ಞಾನಿಗಳ ಸಮಿತಿ ಅಂದಾಜು ಮಾಡಿತು. ಗಾಯ ಮಾಡಲು ಕೆಲವು ದಶಕ ಸಾಕಾಯಿತು; ಮಾಯಲು ಅದಕ್ಕಿಂತ ಹೆಚ್ಚು ಕಾಲ ಬೇಕು.

6. ಲೆಕ್ಕದಲ್ಲಿ ಸಿಕ್ಕ ಕಳವು

ಸಹಿ ಹಾಕಿದವರೆಲ್ಲ ಪ್ರಾಮಾಣಿಕರೇ? ಆಫೀಸುಗಳಲ್ಲಿ ಲೆಕ್ಕ ಬರೆಯುವ ನಮ್ಮ ಓದುಗರಿಗೆ ಈ ಭಾಗ ರುಚಿಸೀತು.

ಸಿ.ಎಫ್.ಸಿ. ಜಾತಿಯ 11ನೇ ನಂಬರಿನ ಗ್ಯಾಸಿನ ತಯಾರಿಕೆ 2010ಕ್ಕೆ ಸಂಪೂರ್ಣ ನಿಲ್ಲಬೇಕಾಗಿತ್ತು; ನಿಂತಿದೆಯೆಂದು ಎಲ್ಲ ದೇಶಗಳೂ ವರದಿ ಕೊಟ್ಟಿದ್ದವು. ಆದರೆ ಹವಾಯಿ ಮುಂತಾದ ಕಡೆಗಳಲ್ಲಿ ಗಾಳಿಯನ್ನು ಅಳೆಯುವವರು 2018ರಲ್ಲಿ ಒಂದು ವಿಚಿತ್ರವನ್ನು ಬಯಲಿಗಿಟ್ಟರು. ಗಾಳಿಯಲ್ಲಿ ಅದು ಇಳಿಯಬೇಕಾದಷ್ಟು ವೇಗದಲ್ಲಿ ಇಳಿಯುತ್ತಿಲ್ಲ. 2012ರ ಈಚೆಗೆ ಯಾರೋ ಹೊಸದಾಗಿ ಬಿಡುತ್ತಿದ್ದಾರೆ! ಕೊರಿಯ, ಜಪಾನುಗಳ ಮಾಪನ ಕೇಂದ್ರಗಳ ಅಂಕಿಗಳನ್ನು ಗಾಳಿ ಬೀಸುವ ದಿಕ್ಕಿನೊಡನೆ ತಾಳೆ ನೋಡಿದಾಗ, ಹೆಚ್ಚಳದ ಒಂದು ದೊಡ್ಡ ಪಾಲು ಚೀನದ ಪೂರ್ವಭಾಗದಿಂದ ಬರುತ್ತಿದೆಯೆಂದು 2019ರಲ್ಲಿ ತಿಳಿಯಿತು. ಚೀನ ಸರ್ಕಾರ ತಪಾಸಣೆ ಬಿಗಿಮಾಡಿತು. ಒಂದೆರಡು ವರ್ಷದಲ್ಲಿ ಅಂಕಿ ಮತ್ತೆ ಇಳಿಯಿತು.

ಕರಾರು ಬಾಳಬೇಕಾದರೆ ಕಾಗದದ ಲೆಕ್ಕ ಸಾಲದು. ಸರಕನ್ನು ತೂಗಿ ನೋಡುವ ತಕ್ಕಡಿಯೂ ಬೇಕು. ಇಲ್ಲಿ ಗಾಳಿಯೇ ತಕ್ಕಡಿಯಾಯಿತು.

7. ಕಿಗಾಲಿಯ ರಾತ್ರಿ

ಈಗ ನಮ್ಮ ಸದಸ್ಯರ ನಂಬರುಗಳಿಗೆ ಬರೋಣ. 12 ಹೋಗಿ ಬಂದ 134, 22 ಹೋಗಿ ಬಂದ 410, ಇವುಗಳಲ್ಲಿ ಕ್ಲೋರಿನ್ ಇಲ್ಲ, ಓಝೋನಿಗೆ ಹಾನಿಯಿಲ್ಲ. ಆದರೆ ರಾಮನಾಥನ್ ತೋರಿಸಿದ ಎರಡನೆಯ ದೋಷ ಇವುಗಳಲ್ಲಿ ಉಳಿಯಿತು. ಒಂದು ಕಿಲೋ ಗ್ಯಾಸು ಸೋರಿದರೆ ಎಷ್ಟು ಕಿಲೋ ಅಂಗಾರಾಮ್ಲವಾಯು ಬಿಟ್ಟಂತೆ ಎಂದು ನೂರು ವರ್ಷದ ಅವಧಿಗೆ ಲೆಕ್ಕ ಮಾಡಿದ್ದಾರೆ. ಅದರಂತೆ 12ನೇ ನಂಬರಿಗೆ 10,900, 22ಕ್ಕೆ 1,810, 134ಕ್ಕೆ 1,430, 410ಕ್ಕೆ 2,088, 32ಕ್ಕೆ 675. ಈಗಿನ ಫ್ರಿಜ್ಜಿನ 600ಕ್ಕೆ ಹತ್ತಕ್ಕಿಂತಲೂ ಕಡಿಮೆ. ನಂಬರು ಏಕೆ ಬದಲಾಗುತ್ತ ಬಂತೆಂಬುದು ಈ ಅಂಕಿಗಳಿಂದಲೇ ತಿಳಿಯುವುದು. 22ರಿಂದ 410ಕ್ಕೆ ಹೋದಾಗ ಓಝೋನಿಗೆ ಒಳಿತಾಯಿತು, ಶಾಖದ ಲೆಕ್ಕದಲ್ಲಿ ಸ್ವಲ್ಪ ಹಿಂದೆಯೇ ಬಿದ್ದೆವು. 32ರಿಂದ ಅದನ್ನು ತಿದ್ದುತ್ತಿದ್ದಾರೆ.

ಈ ಎರಡನೆಯ ಪೀಳಿಗೆಯ ಗ್ಯಾಸುಗಳನ್ನೂ ಇಳಿಸಬೇಕೆಂದು ಆಫ್ರಿಕದ ರುವಾಂಡ ದೇಶದ ರಾಜಧಾನಿ ಕಿಗಾಲಿಯಲ್ಲಿ ರಾಷ್ಟ್ರಗಳು ಸೇರಿದವು. ರಾತ್ರಿಯಿಡೀ ಮಾತುಕತೆ ನಡೆದು 2016ರ ಅಕ್ಟೋಬರ್ 15ರ ಬೆಳಗಿನ ಜಾವಕ್ಕೆ ಒಪ್ಪಂದವಾಯಿತು. ಇಲ್ಲಿಯೂ ಅದೇ ಹಳೆಯ ಸೂತ್ರ. ಶ್ರೀಮಂತ ರಾಷ್ಟ್ರಗಳು 2019ರಿಂದಲೇ ಇಳಿಸತೊಡಗಬೇಕು. ಚೀನ, ಬ್ರಜಿಲ್, ಆಫ್ರಿಕದ ದೇಶಗಳು ಮುಂತಾದವು 2024ಕ್ಕೆ ಏರಿಕೆಯನ್ನು ನಿಲ್ಲಿಸಬೇಕು. ಬಿಸಿಲು ಹೆಚ್ಚಿರುವ ಕೆಲವು ರಾಷ್ಟ್ರಗಳಿಗೆ 2028ರವರೆಗೆ ವಾಯಿದೆ. ಭಾರತ, ಪಾಕಿಸ್ತಾನ, ಇರಾನ್ ಮತ್ತು ಕೊಲ್ಲಿಯ ಅರಬ ರಾಷ್ಟ್ರಗಳು ಈ ಪಟ್ಟಿಯಲ್ಲಿವೆ. ಭಾರತ ಇನ್ನೂ ಹೆಚ್ಚು ಕಾಲ ಕೇಳಿತ್ತು. ಸ್ವಲ್ಪ ಇಳಿದು ಬಂದು ಒಪ್ಪಿತು. ಏ.ಸಿ. ಇರುವ ಮನೆಗಳು ನಮ್ಮಲ್ಲಿ ಇಂದಿಗೂ ಅಲ್ಪಸಂಖ್ಯೆ, ಬೇಕಾದವರು ಕೋಟಿಗಟ್ಟಲೆ. ಮೊದಲ ಫ್ಯಾನಿನ ಗಾಳಿಯನ್ನೇ ಈಚೆಗೆ ಕಂಡವರಿಗೆ, ಮೂವತ್ತು ವರ್ಷ ತಂಪಿನಲ್ಲಿ ಕೂತವರ ವಾಯಿದೆಯನ್ನೇ ವಿಧಿಸುವುದು ನ್ಯಾಯವಲ್ಲವೆಂಬುದು ಭಾರತದ ವಾದದ ತಿರುಳು. 2021ರಲ್ಲಿ ಭಾರತ ಈ ತಿದ್ದುಪಡಿಯನ್ನು ಅಂಗೀಕರಿಸಿತು. 2047ಕ್ಕೆ ಬಳಕೆಯನ್ನು ನೂರಕ್ಕೆ 85ರಷ್ಟು ಇಳಿಸುವ ಹೊಣೆ ನಮ್ಮದಾಗಿದೆ. ಎಲ್ಲರೂ ನಡೆದುಕೊಂಡರೆ ಶತಮಾನದ ಕೊನೆಗೆ ಅರ್ಧ ಡಿಗ್ರಿಯವರೆಗೆ ಶಾಖ ತಪ್ಪೀತು. ಅರ್ಧವೇ ಎಂದು ತಾತ್ಸಾರ ಮಾಡಬಾರದು. ಇಡೀ ಭೂಮಿಯ ಸರಾಸರಿಯಲ್ಲಿ ಅದು ದೊಡ್ಡ ಮೊತ್ತ.

8. ಇಂಗಾಲದ ಕರಾರು ಏಕೆ ಕುಂಟುತ್ತಿದೆ?

ಇಷ್ಟು ಸಾಧಿಸಿದ ರಾಷ್ಟ್ರಗಳು ಕಲ್ಲಿದ್ದಲು, ಎಣ್ಣೆಯ ವಿಷಯದಲ್ಲಿ ಏಕೆ ತಡವರಿಸುತ್ತಿವೆ? ಅಲ್ಲಿಯೂ ಪ್ರಯತ್ನವಿಲ್ಲದಿಲ್ಲ. 1992ರಲ್ಲಿ ರಿಯೋ ನಗರದಲ್ಲಿ ಮೂಲ ಒಪ್ಪಂದವಾಯಿತು. ಹೊಣೆ ಎಲ್ಲರದು, ಆದರೆ ಎಲ್ಲರದೂ ಸಮನಲ್ಲ ಎಂಬ ತತ್ವವನ್ನು ಅಲ್ಲಿಯೂ ಬರೆದರು. 1997ರಲ್ಲಿ ಜಪಾನಿನ ಕ್ಯೋಟೋದಲ್ಲಿ ಶ್ರೀಮಂತ ರಾಷ್ಟ್ರಗಳಿಗೆ ಮಾತ್ರ ಅಂಕಿ ಗೊತ್ತುಮಾಡಿದರು. ಅಮೆರಿಕ ಸಹಿ ಹಾಕಿಯೂ ಅಂಗೀಕರಿಸಲಿಲ್ಲ, ಕೆನಡ 2011ರಲ್ಲಿ ಹೊರಬರುವುದಾಗಿ ಸಾರಿತು. 2015ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಬೇರೆ ದಾರಿ ಹಿಡಿದರು. ಪ್ರತಿಯೊಂದು ದೇಶವೂ ತನ್ನ ಮಾತನ್ನು ತಾನೇ ಬರೆದುಕೊಡಬೇಕು, ಐದು ವರ್ಷಕ್ಕೊಮ್ಮೆ ಅದನ್ನು ಮೇಲೇರಿಸಬೇಕು. ಭಾರತ 2016ರ ಗಾಂಧೀ ಜಯಂತಿಯಂದು ಅದನ್ನು ಅಂಗೀಕರಿಸಿತು. ಅಮೆರಿಕ 2020ರಲ್ಲಿ ಹೊರಹೋಯಿತು, 2021ರಲ್ಲಿ ಮರಳಿ ಬಂತು, 2025ರ ಜನವರಿಯಲ್ಲಿ ಮತ್ತೆ ಹೊರಹೋಗುವುದಾಗಿ ಸಾರಿತು.

ಎರಡಕ್ಕೂ ವ್ಯತ್ಯಾಸವಿದೆಯೆಂಬುದನ್ನು ಒಪ್ಪಬೇಕು. ಸಿ.ಎಫ್.ಸಿ. ಕೆಲವೇ ಕಂಪೆನಿಗಳ ಕಾರಖಾನೆಗಳಲ್ಲಿ ಹುಟ್ಟುತ್ತಿತ್ತು. ಬದಲಿಯೂ ಬೇಗ ದೊರೆಯಿತು. ಇಂಗಾಲವೋ, ನಮ್ಮ ಲೋಕಲ್ ಗಾಡಿಯ ವಿದ್ಯುತ್ತಿನಲ್ಲಿ, ಮನೆಯ ಸಿಮೆಂಟಿನಲ್ಲಿ, ಒಲೆಯ ಗ್ಯಾಸಿನಲ್ಲಿ, ಹೊಲದ ಗೊಬ್ಬರದಲ್ಲಿ ಎಲ್ಲೆಲ್ಲೂ ಇದೆ. ನಮ್ಮ ದೇಶದ ವಿದ್ಯುತ್ತಿನ ಬಹುಪಾಲು ಇಂದಿಗೂ ಕಲ್ಲಿದ್ದಲಿನಿಂದಲೇ.

ಆದರೆ ಇನ್ನೊಂದು ವ್ಯತ್ಯಾಸ ಮನುಷ್ಯರು ಮಾಡಿಕೊಂಡದ್ದು. ಬಡ ದೇಶಗಳಿಗೆ 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುವುದಾಗಿ ಶ್ರೀಮಂತ ರಾಷ್ಟ್ರಗಳು 2009ರಲ್ಲಿ ಕೋಪನ್‌ಹೇಗನ್ನಿನಲ್ಲಿ ಮಾತು ಕೊಟ್ಟಿದ್ದವು. ಅವರದೇ ಲೆಕ್ಕದಂತೆ ಆ ಮೊತ್ತ ಮುಟ್ಟಿದ್ದು 2022ರಲ್ಲಿ. ಅದರಲ್ಲಿಯೂ ಬಹುಭಾಗ ಸಾಲ. 2024ರಲ್ಲಿ ಬಾಕುವಿನಲ್ಲಿ 2035ಕ್ಕೆ 30,000 ಕೋಟಿ ಡಾಲರ್ ಎಂದು ಗೊತ್ತುಮಾಡಿದಾಗ, ಅದು ಸಾಲದೆಂದು ಭಾರತದ ಪ್ರತಿನಿಧಿ ತುಂಬಿದ ಸಭೆಯಲ್ಲೇ ಆಕ್ಷೇಪಿಸಿದರು. ವಾಯಿದೆ ತಪ್ಪಿದವರನ್ನು ಕೇಳುವ ಬಲವೂ ಅಲ್ಲಿಲ್ಲ. ಮಾಂಟ್ರಿಯಲ್ಲಿನ ಕರಾರನ್ನು ನಿಲ್ಲಿಸಿದ ಕಂಬಗಳಲ್ಲಿ ಕೆಲವು ಇಲ್ಲಿ ಅರ್ಧಕ್ಕೆ ನಿಂತಿವೆ, ಕೆಲವನ್ನು ನೆಟ್ಟೇ ಇಲ್ಲ.

ಹಾಗೆಂದು ಎಲ್ಲವೂ ವ್ಯರ್ಥವೆನ್ನುವುದು ತಪ್ಪು. ಪ್ಯಾರಿಸ್ಸಿಗೆ ಮುಂಚೆ ಈ ಶತಮಾನದ ಕೊನೆಗೆ ಭೂಮಿ ಸುಮಾರು 4 ಡಿಗ್ರಿ ಬಿಸಿಯೇರುವ ದಾರಿಯಲ್ಲಿತ್ತು. ಈಗಿನ ಅಂದಾಜು 3ರ ಆಸುಪಾಸಿಗೆ ಇಳಿದಿದೆ. ಆದರೆ ಗುರಿ 2ಕ್ಕಿಂತ ಸಾಕಷ್ಟು ಕೆಳಗೆ, ಸಾಧ್ಯವಾದರೆ ಒಂದೂವರೆ. 2024 ಒಂದೇ ವರ್ಷದ ಸರಾಸರಿ ಆ ಒಂದೂವರೆಯನ್ನು ದಾಟಿತು. ಕೂಡಿ ನಡೆದದ್ದರಿಂದ ಲಾಭವಾಗಿದೆ. ನಡೆದ ದೂರ ಸಾಲದು.

9. ನಮ್ಮ ಪಾಲು

ಬಿಸಿಲಿನ ಪೆಟ್ಟು ಮೊದಲು ಬೀಳುವುದು ಯಾರ ಮೇಲೆ? ತಗಡಿನ ಮಾಡಿನ ಕೆಳಗೆ ಮಲಗುವವರ ಮೇಲೆ, ಹೋಟೆಲಿನ ಒಲೆಯ ಮುಂದೆ ನಿಲ್ಲುವವರ ಮೇಲೆ, ಡಾಂಬರು ಹಾಕುವವರ ಮೇಲೆ, ಊರಲ್ಲಿ ಮಳೆಗೆ ಕಾಯುವ ನಮ್ಮ ತಂದೆತಾಯಿಗಳ ಮೇಲೆ. ಒಂದು ವರ್ಷದ ಬರಕ್ಕೆ, ಒಂದು ದಿನದ ಸೆಕೆಗೆ ಇದೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಸೆಕೆಯ ದಿನಗಳು ಹೆಚ್ಚುತ್ತಿವೆ. ತಂಪು ಕೊಳ್ಳಲಾರದವರಿಗೆ ಅದರಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಆದಕಾರಣ ಇದು ಮಂತ್ರಿಗಳ ಮಾತು, ನಮಗೇಕೆ ಎಂದು ಪುಟ ತಿರುವುವಂತಿಲ್ಲ.

ರಿಪೇರಿಯ ಕೆಲಸದಲ್ಲಿರುವ ಸದಸ್ಯರಿಗೆ ಒಂದು ವಿಶೇಷ ವಿನಂತಿ. ಹಳೆಯ ಏ.ಸಿ.ಯನ್ನು ಬಿಚ್ಚುವಾಗ ಗ್ಯಾಸನ್ನು ಗಾಳಿಗೆ ಬಿಡುವುದು ಎಲ್ಲೆಡೆ ರೂಢಿ. 410 ತುಂಬಿದ ಒಂದು ಸಾಧಾರಣ ಏ.ಸಿ.ಯಲ್ಲಿ ಸುಮಾರು ಒಂದು ಕಿಲೋ ಗ್ಯಾಸಿದ್ದರೆ, ಆ ಒಂದು ನಿಮಿಷದಲ್ಲಿ ಎರಡು ಟನ್ ಅಂಗಾರಾಮ್ಲವಾಯು ಬಿಟ್ಟಷ್ಟಾಯಿತು. ಅದನ್ನು ಸಿಲಿಂಡರಿಗೆ ಎಳೆದುಕೊಳ್ಳುವ ಯಂತ್ರವಿದೆ, ಕ್ರಮವಿದೆ. ಇನ್ನೊಂದು ಎಚ್ಚರಿಕೆ: 600 ಮತ್ತು 290 ಚೆನ್ನಾಗಿ ಉರಿಯುವ ಗ್ಯಾಸುಗಳು, 32 ಕೂಡ ಸ್ವಲ್ಪ ಉರಿಯುವಂಥದು. ಹಳೆಯ ಅಭ್ಯಾಸದಂತೆ ಬೀಡಿ ಹಚ್ಚಿಕೊಂಡು, ಕೊಳವೆಯಲ್ಲಿ ಗ್ಯಾಸಿರುವಾಗಲೇ ಬೆಸುಗೆ ಹಾಕಲು ಹೋಗಬಾರದು.

ಆದರೆ ಯಂತ್ರಕ್ಕೆ ದುಡ್ಡು ಬೇಕು, ಕಲಿಯಲು ಎರಡು ದಿನದ ಸಂಬಳ ಬಿಡಬೇಕು. ಇದು ಯಾರ ಪಾಲು? ರಾಷ್ಟ್ರಗಳ ನಡುವೆ ನ್ಯಾಯವಾಗಿ ಹಂಚಿದ ಭಾರ ಕೊನೆಗೆ ಬಂದು ಒಬ್ಬ ಮೆಕ್ಯಾನಿಕ್ಕನ ಚೀಲದ ಮೇಲೆ ಪೂರಾ ಬೀಳಬಾರದು. ಈ ಕರಾರಿನ ನಿಧಿಯಿಂದಲೇ ನಮ್ಮ ದೇಶದಲ್ಲಿ ರಿಪೇರಿ ಕೆಲಸದವರಿಗೆ ತರಬೇತಿ ಶಿಬಿರಗಳು ನಡೆಯುತ್ತ ಬಂದಿವೆ. 2019ರಲ್ಲಿ ಭಾರತ ಸರ್ಕಾರ ಪ್ರಕಟಿಸಿದ ತಂಪಿನ ಕಾರ್ಯಯೋಜನೆಯಲ್ಲಿ ಒಂದು ಲಕ್ಷ ಮಂದಿಗೆ ಅಂಥ ತರಬೇತಿ ಕೊಡುವ ಗುರಿಯಿತ್ತು. ಅದು ಭಿಕ್ಷೆಯಲ್ಲ; 1990ರಲ್ಲಿ ಲಂಡನ್ನಿನಲ್ಲಿ ಹಟ ಹಿಡಿದು ಗಳಿಸಿದ ಹಕ್ಕಿನ ಕೊನೆಯ ಕಂತು. ಹತ್ತಿರದ ಐ.ಟಿ.ಐ.ಯಲ್ಲಿ ಹೋಗಿ ವಿಚಾರಿಸಿ, ಕೇಳಿ ಪಡೆಯಬೇಕು. ಒಬ್ಬೊಬ್ಬರೇ ಹೋಗಲು ಸಂಕೋಚವಾದರೆ ಐದಾರು ಮಂದಿ ಕೂಡಿ ಬನ್ನಿ. ಅರ್ಜಿ ಬರೆದುಕೊಡಲು ನಮ್ಮ ವಾಚನಾಲಯದಲ್ಲಿ ಕೈಗಳಿವೆ.

ಪ್ರಶ್ನೆ ಕೇಳಿದ ಸದಸ್ಯರಿಗೆ ನಮ್ಮ ಉತ್ತರವಿಷ್ಟು. ಗಿರಾಕಿ ಇನ್ನು ಮುಂದೆ ಕೇಳಿದರೆ “ಮೇಲಿನ ಆರ್ಡರು” ಎಂದಷ್ಟೇ ಹೇಳಬೇಡಿ. ಲೋಕದ ರಾಷ್ಟ್ರಗಳೆಲ್ಲ ಕೂಡಿ ಬರೆದುಕೊಂಡ ಕರಾರು, ಅದರಲ್ಲಿ ನಮ್ಮ ದೇಶದ ಸಹಿಯೂ ಇದೆ, ಅದನ್ನು ಕೊನೆಯ ಮನೆಯವರೆಗೆ ತಂದು ಮುಟ್ಟಿಸುವುದು ನನ್ನ ಕೆಲಸ ಎಂದು ಹೇಳಿ.

ಭಾನುವಾರದ ಕೂಟದಲ್ಲಿ ಚರ್ಚೆಗೆ:

(1) ಹಳೆಯ ಉದ್ರಿಯನ್ನು ಹಳಬರೂ ಹೊಸಬರೂ ಯಾವ ಪ್ರಮಾಣದಲ್ಲಿ ತೀರಿಸುವುದು ನ್ಯಾಯ? ನಿಮ್ಮ ಕೋಣೆಯ ಅನುಭವದಿಂದ ಹೇಳಿ.

(2) ಮಾಂಟ್ರಿಯಲ್ ಕರಾರನ್ನು ನಿಲ್ಲಿಸಿದ ಕಂಬಗಳು ಯಾವುವು? ಪ್ಯಾರಿಸ್ಸಿನ ಒಪ್ಪಂದದಲ್ಲಿ ಅವುಗಳಲ್ಲಿ ಯಾವುದಿದೆ, ಯಾವುದಿಲ್ಲ?

(3) ನೀವು ಕೆಲಸ ಮಾಡುವ ಹೋಟೆಲು, ಆಫೀಸು, ಕಾರಖಾನೆಯ ತಂಪಿನ ಯಂತ್ರಗಳಲ್ಲಿ ಯಾವ ನಂಬರಿನ ಗ್ಯಾಸಿದೆ? ಹಿಂಬದಿಯ ಚೀಟಿ ನೋಡಿ ಬರೆದು ತನ್ನಿ. ಎಲ್ಲವನ್ನೂ ಕೂಡಿಸಿ ಒಂದು ಪಟ್ಟಿ ಮಾಡೋಣ.